ಮುಂದಿನ ಸಾಲಿನ ಎತ್ತರದ ಹುಡುಗಿ

ಸಭೆಯ ಅಧ್ಯಕ್ಷತೆ ವಹಿಸಿರುವ ಮಾನ್ಯ ವಿಟ್ ಪ್ರೂವಿಟ್ ಅವರೇ, ವೇದಿಕೆಯ ಮೇಲಿರುವ ಹಿರಿಯರೇ, ಅಂಗಡಿಗೆ ಬೀಗ ಹಾಕಿ ಬಂದು ಕೊನೆಯ ಮೇಜಿನಲ್ಲಿ ಕುಳಿತಿರುವ ನನ್ನ ಅಪ್ಪನವರೇ, ಪಾಲ್ಮೆಟೊ ಸಂಪ್ರದಾಯವಾದಿ ಯುವ ಸಂಘದ ಗೆಳೆಯರೇ, ಸಭಿಕರೇ,

ಮೊಟ್ಟಮೊದಲ ಸೌಹಾರ್ದ ಪ್ರಶಸ್ತಿಯನ್ನು ನನಗೆ ಕೊಟ್ಟಿದ್ದೀರಿ. ಕಳೆದ ವರ್ಷ ಈ ಪ್ರಶಸ್ತಿ ಇರಲಿಲ್ಲ. ಕಳೆದ ವಾರವೂ ಇರಲಿಲ್ಲ ಎನ್ನುವವರಿದ್ದಾರೆ, ಇರಲಿ. ಅಧ್ಯಕ್ಷರು ಆಗಲೇ ಗಡಿಯಾರ ನೋಡುತ್ತಿದ್ದಾರೆ. ನನ್ನ ಕಣ್ಣೂ ಅಲ್ಲೇ ಇದೆ ಸ್ವಾಮಿ. ಯಾಕೆಂದರೆ ನನ್ನ ಮಾತು ಮುಗಿದ ಕೂಡಲೇ ಹೊಸ ಅಧ್ಯಕ್ಷರ ಚುನಾವಣೆ.

ಯಾರೋ ಕರೆದರೆಂದು ನಾನು ಈ ಸಂಘಕ್ಕೆ ಬಂದವಳಲ್ಲ. ನಮ್ಮಪ್ಪ ಆರೆಂಜ್‌ಬರ್ಗ್‌ನಲ್ಲಿ ಟೈರ್ ಅಂಗಡಿ ಇಟ್ಟವರು. ತೆರಿಗೆ ಕಟ್ಟಿದ ದಿನ ಊಟಕ್ಕೆ ಮುಂಚಿನ ಪ್ರಾರ್ಥನೆಯನ್ನೂ ಸಿಟ್ಟಿನಲ್ಲೇ ಮಾಡುತ್ತಿದ್ದರು. ದುಡಿಮೆ, ದೇವರು, ಮನೆ, ಇವನ್ನೆಲ್ಲ ನಾನು ಕಲಿತದ್ದು ಅಲ್ಲಿ. ಆದರೂ ನೆಂಟರು ಸೇರಿ ಮೀನು ಕರಿಯುವ ದಿನ ಚಿಕ್ಕಮ್ಮ ಲೊರೀನ್ ಎಲ್ಲರೆದುರು ಕೇಳುತ್ತಾರೆ: "ಏನೇ ರೆನಿಟಾ, ಆ ಬಿಳಿಯರು ನಿನ್ನನ್ನ ಕೂರಿಸ್ಕೊಳ್ತಾರಾ, ಇಲ್ಲಾ ತೋರಿಸ್ಕೊಳ್ತಾರಾ?"

ಕೂರಿಸಿದ್ದೀರಿ, ಸುಳ್ಳಲ್ಲ. ನಾನು ಆರಡಿ ಎತ್ತರ. ಶಾಲೆಯ ಪ್ರತಿ ಫೋಟೊದಲ್ಲೂ ಕೊನೆಯ ಸಾಲು. ಈ ಸಂಘದ ಪ್ರತಿ ಫೋಟೊದಲ್ಲೂ ಮುಂದಿನ ಸಾಲು, ನಟ್ಟನಡುವೆ. ನನ್ನ ಹಿಂದಿನ ಹುಡುಗರ ಹಣೆ ಮಾತ್ರ ಕಾಣುತ್ತದೆ, ಪಾಪ. ನಗಿ, ನಾನೂ ನಕ್ಕಿದ್ದೇನೆ. ಈ ಸಭಾಂಗಣದಲ್ಲಿ ನನ್ನಂಥ ಕಪ್ಪು ಬಣ್ಣದವರು ಎಷ್ಟು ಮಂದಿ? ಎಣಿಸಲು ಒಂದು ಕೈಯ ಬೆರಳೇ ಹೆಚ್ಚು. ಫೋಟೊಗೆ "ಮುಂದೆ ಬಾ" ಎಂದವರು, ಪದಾಧಿಕಾರಿಗಳ ಕೋಣೆಯ ಬಾಗಿಲು ಹಾಕುವಾಗ ಒಮ್ಮೆಯಾದರೂ "ಒಳಗೆ ಬಾ" ಎಂದಿರಾ?

ಕಳೆದ ಮಂಗಳವಾರ ವಿಟ್ ಅವರು ಅಪ್ಪನ ಅಂಗಡಿಗೇ ಬಂದಿದ್ದರು. ಅಧ್ಯಕ್ಷ ಸ್ಥಾನಕ್ಕೆ ನಾನು ನಿಲ್ಲುವುದು ಬೇಡ, ತಮ್ಮ ಗೆಳೆಯ ಟ್ರಿಪ್ ಒಬ್ಬರೇ ನಿಂತರೆ ಸಂಘ ಒಡೆಯುವುದಿಲ್ಲ, ನನಗೆ ಒಂದು ಪ್ರಶಸ್ತಿ ಕೊಡೋಣ ಎಂದರು. "ನೀನು ನಮ್ಮ ಸಂಘದ ಮುಖ ಕಣಮ್ಮಾ," ಎಂದರು. ಅಪ್ಪ ಟೈರಿನಿಂದ ತಲೆ ಎತ್ತದೆಯೇ ಕೇಳಿದರು: "ಮುಖ ಇವಳದು, ಸರಿ. ಬಾಯಿ ಯಾರದಪ್ಪಾ?"

ನಾನು ಯೋಚಿಸುತ್ತೇನೆ ಎಂದೆ. ಅವತ್ತಿನಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಸಿಟ್ಟು ಬರುತ್ತದೆ, ಅವಮಾನವಾಗುತ್ತದೆ, ಎಲ್ಲ ಬಿಟ್ಟು ಹೋಗಿಬಿಡೋಣ ಅನಿಸುತ್ತದೆ. ಹೋಗುವುದಾದರೂ ಎಲ್ಲಿಗೆ? ನಾನು ನಂಬಿದ್ದೆಲ್ಲ ಇಲ್ಲೇ ಇದೆ. ಮೇಲಾಗಿ ಚಿಕ್ಕಮ್ಮ ಗೆದ್ದುಬಿಡುತ್ತಾರೆ.

ಗಂಟೆ ಬಾರಿಸಬೇಡಿ ವಿಟ್, ಮುಗಿಸುತ್ತಿದ್ದೇನೆ. ಮತಕ್ಕೆ ಹಾಕುವ ಮುಂಚೆ ಬೇರೆ ಹೆಸರುಗಳಿವೆಯೇ ಎಂದು ನೀವು ಸಭೆಯನ್ನು ಕೇಳಬೇಕು. ನಮ್ಮ ನಿಯಮದಂತೆ ಯಾರು ಬೇಕಾದರೂ ತಮ್ಮ ಹೆಸರನ್ನು ತಾವೇ ಸೂಚಿಸಬಹುದು. ಇನ್ನೊಬ್ಬ ಸದಸ್ಯರು ಕೈ ಎತ್ತಿ ಅನುಮೋದಿಸಬೇಕು, ಅಷ್ಟೇ. ನಾನು ಸೂಚಿಸುತ್ತಿದ್ದೇನೆ. ಹೆಸರು, ರೆನಿಟಾ ಗ್ಯಾಡ್ಸ್‌ಡನ್.

ಕೈ ಇಳಿಸಿ ಅಪ್ಪಾ, ನೀವು ಸದಸ್ಯರಲ್ಲ.

ಬಂಧುಗಳೇ, ಈ ಪ್ರಶಸ್ತಿ ಕೊಟ್ಟಾಗ ನೀವೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದಿರಿ. ಅಷ್ಟೂ ಕೈಗಳಲ್ಲಿ ನನಗೀಗ ಒಂದು ಬೇಕು. ಪ್ರಶಸ್ತಿಗೆ ಕೃತಜ್ಞತೆ, ಊಟಕ್ಕೂ ಕೃತಜ್ಞತೆ. ಆ ಕೈ ಏಳುವವರೆಗೆ ನಾನು ಇಲ್ಲೇ ನಿಂತಿರುತ್ತೇನೆ. ನಮಸ್ಕಾರ.