ಶೇಂಗಾದ ಹಳದಿ ಹೂವು

ಯಲಹಂಕದ ಬಸ್ಸಿನಲ್ಲಿ ಮುಂದಿನ ಸೀಟಿನ ಅತ್ತೆ ಸೊಸೆಯರ ಮಾತು ರಂಜನಿಯ ಕಿವಿಗೆ ಬಿತ್ತು. ಅವಳು ಕಿಟಕಿಯತ್ತ ಮುಖ ಮಾಡಿ ಕೂತಳು.

“ದಿನಾ ಪೂಜಿಗೆ ಹಳದಿ ಹೂವಾ ಎಲ್ಲಿಂದ ತರ್ತಿದ್ದಿ ಭಾಗ್ಯಾ?”

“ಮಾಳಿಗಿ ಮ್ಯಾಲ ಮಾವಾರ ಕುಂಡದಾಗಿಂದ್ರಿ ಅತ್ತಿ. ಅವರಿಗೆ ಆರಾಮಾಗ್ಲಿ ಅಂತ ದೇವರಿಗೆ ಏರಿಸ್ತಿದ್ದೆ.”

“ಅಯ್ಯ ಖೋಡಿ! ಶೇಂಗಾದ ಹೂವಾನ ಮಣ್ಣಿಗಿಳಿದು ಕಾಯಿ ಆಗೋದು. ಎಲ್ಲಾ ಹರಿದ್ಯಾ?”

“ಕಾಯಿ ಬೇರಿಗೆ ಬಿಡ್ತಾವ ಅನ್ಕೊಂಡಿದ್ನಿರಿ.”

“ಲಕ್ವಾ ಹೊಡೆದ ಮ್ಯಾಲ ನಿಮ್ಮ ಮಾವಾರು ಆ ಗಿಡದ ಸಲುವಾಗಷ್ಟ ಹಾಸಿಗಿ ಬಿಟ್ಟು ಏಳ್ತಿದ್ರು. ನಾಳೆ ಶೇಂಗಾ ಕೀಳ್ತೀನಿ ಅಂತಾರ.”

“ಇಲಿ ತಿಂದ್ವು ಅನ್ನೋಣ್ರಿ.”

“ಮೂರನೇ ಮಾಳಿಗಿಗೆ ಇಲಿ ಲಿಫ್ಟಿನಾಗ ಬಂತೇನ?”

ಸೊಸೆ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

“ಅಳಬ್ಯಾಡ. ನಾನ ಹರಿದೆ ಅಂತೀನಿ. ಅವರ ಬೈಗುಳ ನನಗ ರೂಢಿ ಐತಿ.”

“ಬೈದ್ರ ಚಲೋನ ಆತ್ರಿ ಅತ್ತಿ. ಸುಮ್ಮನ ಗ್ವಾಡಿ ಕಡೆ ಹೊಳ್ಳಿ ಮಲಗಿಬಿಟ್ರ?”

ನಿಲ್ದಾಣ ಬಂದಾಗ ಅತ್ತೆ ಸೊಸೆಯ ಕೈ ಹಿಡಿದು ಇಳಿದುಹೋದರು.