ನರ್ಸಮ್ಮನ ಬಗ್ಗೆ ಒಳ್ಳೆಯ ಮಾತು

ಸರ್ಕಾರಿ ಆಸ್ಪತ್ರೆಯಲ್ಲಿ ಔಷಧಿಗಾಗಿ ಕಾದು ಕೂತಿದ್ದ ದರ್ಜಿಯ ಪಕ್ಕದಲ್ಲೇ, ಆರೋಗ್ಯ ಸೇವೆಯ ಬಗ್ಗೆ ಜನರ ಅಭಿಪ್ರಾಯ ಬರೆದುಕೊಳ್ಳುವ ಹುಡುಗಿ ಅಜ್ಜಿಯೊಬ್ಬಳನ್ನು ಮಾತಿಗೆಳೆದಳು.

“ಮನೆಗೆ ಬರೋ ನರ್ಸ್ ಹೇಗೆ, ಅಜ್ಜಿ?”

“ವಾರಕ್ಕೆರಡು ಸಲ ತಪ್ಪದೆ ಬರ್ತಾಳೆ ಅಂತ ಬರ್ಕೊಳ್ಳಮ್ಮ.”

“ನಿಜವಾಗ್ಲೂ ಬರ್ತಾರಾ?”

“ಮುಖ ನೋಡಿ ತಿಂಗಳಾಯ್ತು. ಯಜಮಾನರ ಬೆನ್ನಿನ ಹುಣ್ಣು ನಾನೇ ತೊಳೀತೀನಿ. ನನ್ನ ಕೈ ನಡುಗುತ್ತೆ, ಅವರು ಹಲ್ಲು ಕಚ್ಕೋತಾರೆ.”

“ಅದನ್ನೇ ಬರೀತೀನಿ.”

“ಬೇಡ ತಾಯಿ. ಎದುರುಮನೆಯವನು ಹಾಗೇ ಬರೆಸಿದ. ಅವನು ಸಾಯೋವರೆಗೂ ಯಾರೂ ಅತ್ತ ತಲೆ ಹಾಕಲಿಲ್ಲ.”

“ಇದರಲ್ಲಿ ಹೆಸರಿರಲ್ಲ, ಅಜ್ಜಿ.”

“ಈಗ ನಮ್ಮ ಬೀದೀಲಿ ಹಾಸಿಗೆ ಹಿಡಿದಿರೋರು ನಮ್ಮೋರೊಬ್ಬರೇ. ಹೆಸರು ಯಾಕೆ ಬೇಕು?”

ಹುಡುಗಿ ಹಾಳೆಯ ಮೇಲೆ ಬೀದಿಯ ಹೆಸರು ಬರೆದಿದ್ದ ಕಡೆ ನೋಡಿದಳು.

“ಬಂಗಾರದಂಥವಳು ಅಂತ ಬರಿ. ಓದಿ ನಾಚಿಕೆಯಾಗಿಯಾದ್ರೂ ಬರ್ತಾಳೇನೋ.”

‘ತುಂಬಾ ತೃಪ್ತಿ’ ಎಂಬಲ್ಲಿ ಗುರುತು ಬಿದ್ದದ್ದು ದರ್ಜಿಗೆ ಕಾಣಿಸಿತು. ಅಷ್ಟರಲ್ಲಿ ಔಷಧಿ ಕೊಡುವ ಕಿಟಕಿಯಿಂದ ಅಜ್ಜಿಯ ಸರದಿ ಕೂಗಿದರು. ಮುಲಾಮು, ಹತ್ತಿ ತರಲು ಅಜ್ಜಿ ಎದ್ದು ಹೋದಳು.