ಲೋರಿಮರರ ಹಕ್ಕಿ

ಅಯ್ಯೋ, ಆ ಕುರ್ಚಿ ಬೇಡ! ಅದರ ಮೇಲೆ ಕುತ್ತಿಗೆ ಇದೆ... ಹೂಂ, ಕುತ್ತಿಗೆಯೇ. ಒದ್ದೆ ಗೋಣಿ ಮುಚ್ಚಿದೀನಲ್ಲ, ಅದಕ್ಕೇ ನಿಮಗೆ ಕಾಣಲಿಲ್ಲ. ಜೌಗಿನಿಂದ ಎತ್ತಿದ ಮೂಳೆ ಬೇಗ ಒಣಗಿಬಿಟ್ಟರೆ ಬಿಸ್ಕತ್ತಿನ ಹಾಗೆ ಪುಡಿಪುಡಿ. ಮೂರು ವಾರ ಗೋಣಿಯ ಕೆಳಗೇ ಇರಬೇಕು. ಈ ಕಡೆ ಬನ್ನಿ ಸ್ವಾಮಿ, ಈ ಬೆಂಚಿನ ಮೇಲೆ. ಇಲ್ಲಿ ಬರೀ ಒಂದು ಕಾಲಿದೆ, ಸ್ವಲ್ಪ ಸರಿಸಿದರಾಯಿತು.

ಬಾಗಿಲಲ್ಲೇ ಹೇಳಿದೆನಲ್ಲ, ಡಾಕ್ಟರು ಜೌಗಿಗೆ ಹೋಗಿದ್ದಾರೆ. ಬೆಳಿಗ್ಗೆ ಹೋದವರು. ಅಲ್ಲಿ ಕೂತರೆ ಅವರಿಗೆ ಹೊತ್ತೂ ಇಲ್ಲ, ಹಸಿವೂ ಇಲ್ಲ. ನೀವು ಬರುವ ವಿಷಯ ಅವರಿಗೆ ಚೆನ್ನಾಗಿ ಗೊತ್ತು. ಲಂಡನ್ನಿನಿಂದ ನಿಮ್ಮ ವಿಜ್ಞಾನಿಗಳ ಸಂಘದ ಕಾರ್ಯದರ್ಶಿಗಳ ಕಾಗದ ಬಂದಾಗ ನಾನೇ ಓದಿ ಹೇಳಿದೆ. ಮಿಸ್ಟರ್ ಕ್ರೇಲ್ ಅನ್ನೋರು ಪಟ್ಟಣದ ವಸ್ತುಸಂಗ್ರಹಾಲಯದ ಕೆಲಸಕ್ಕೆ ಹಡಗು ಹತ್ತುತ್ತಿದ್ದಾರೆ, ಹೊಸ ಲೇಖನದ ಕರಡಚ್ಚು ಅವರ ಕೈಯಲ್ಲಿ ಕಳಿಸ್ತೀವಿ, ಡಾಕ್ಟರ್ ಲೋರಿಮರ್ ಖುದ್ದಾಗಿ ಓದಿ ಸಹಿ ಹಾಕಿದ ಮೇಲೇ ಅಚ್ಚಿಗೆ ಹೋಗೋದು ಅಂತ. ಖುದ್ದಾಗಿ ಅನ್ನೋದರ ಕೆಳಗೆ ಗೆರೆ ಬೇರೆ. ಎರಡು ಗೆರೆ.

ಹಾಳೆಗಳನ್ನ ಈ ಮೇಜಿನ ಮೇಲೆ ಇಟ್ಟು ಹೋಗಿಬಿಡಿ, ಅಷ್ಟೇ. ಸಂಜೆ ಓದ್ತಾರೆ, ಸಹಿ ಹಾಕ್ತಾರೆ, ನಾನು ಅಂಚೆಗೆ ಕೊಡ್ತೀನಿ. ನಾಲ್ಕು ಗಂಟೆಯ ಕುದುರೆ ಗಾಡಿ ತಪ್ಪಿದರೆ ಮತ್ತೆ ಗುರುವಾರವೇ, ಗೊತ್ತಲ್ಲ? ಇಲ್ಲಿ ಉಳಿಯೋಕೆ ಜಾಗವಾದರೂ ಎಲ್ಲಿದೆ? ಅತಿಥಿಗಳ ಮಂಚದ ಮೇಲೆ ಸೊಂಟದ ಮೂಳೆಗಳನ್ನ ಹಾಸಿದೀನಿ...

ತಲೆ ಅಲ್ಲಾಡಿಸ್ತಿದ್ದೀರಿ. ಇಟ್ಟು ಹೋಗಲ್ಲ. ಸರಿ. ಹಾಗಾದರೆ ಟೀ ಕುಡೀರಿ.

ಇದು ಓಟ್ಸ್ ರೊಟ್ಟಿ. ಹಲ್ಲು ಜೋಪಾನ. ಆ ಪಾತ್ರೇನ ಯಾಕೆ ಹಾಗೆ ನೋಡ್ತೀರಿ? ಅದರಲ್ಲಿ ಮಾಡಿದ್ದಲ್ಲ ಇದು! ಅದು ಅಂಟಿನ ಪಾತ್ರೆ. ಗೊರಸು ಕುದಿಸಿ ಅಂಟು ಮಾಡಿ, ಒಣಗಿದ ಮೂಳೆಗೆ ಕುಡಿಸ್ತೀವಿ, ಗಟ್ಟಿಯಾಗಲಿ ಅಂತ. ಮೊದಲನೇ ವರ್ಷ ಗಂಜಿಗೂ ಅಂಟಿಗೂ ಒಂದೇ ಪಾತ್ರೆ ಇತ್ತು, ಸುಳ್ಳು ಹೇಳಲ್ಲ. ಡಾಕ್ಟರು ಆರು ತಿಂಗಳು ಉಂಡರು. ಒಂದು ದಿನ ಚಮಚ ಕೆಳಗಿಟ್ಟು, "ಮಿಸೆಸ್ ಬಕನ್, ಈಚೆಗೆ ನನ್ನ ಕೀಲುಗಳು ಬಹಳ ಗಟ್ಟಿಯಾಗಿವೆ" ಅಂದರು. ಅಷ್ಟೇ. ಮತ್ತೊಂದು ಮಾತಿಲ್ಲ.

ನಕ್ಕಿರಿ! ನಗೋದು ಬರುತ್ತೆ ನಿಮಗೆ. ಬಂದಾಗಿನಿಂದ ಮುಖ ನೋಡಿ ನನಗೆ ಅನುಮಾನವಾಗಿತ್ತು.

ಹತ್ತೊಂಬತ್ತು ವರ್ಷವಾಯಿತು ನಾನು ಈ ಮನೆ ನೋಡಿಕೊಳ್ಳೋಕೆ ಬಂದು. ಗಂಡ ಇಲ್ಲಿಗೆ ಬರುವಾಗ ಹಡಗಿನಲ್ಲೇ ಹೋದ, ಜ್ವರ. ಅದೇ ಹಡಗಿನ ವೈದ್ಯರು ಇವರು. ಇವರು ಕೊಟ್ಟ ಔಷಧಿ ಕುಡಿದೇ ಹೋದ, ಹಾಗಂತ ತಪ್ಪು ತಿಳೀಬೇಡಿ, ಇವರೇ ಬಂದು ಹೇಳಿದರು. "ನಾನು ಒಳ್ಳೇ ವೈದ್ಯನಲ್ಲ, ಮಿಸೆಸ್ ಬಕನ್. ಬದುಕಿರೋರು ನನಗೆ ಅರ್ಥವಾಗಲ್ಲ. ಎಲ್ಲಿ ನೋವು ಅಂದರೆ ಒಂದೊಂದು ಸಲ ಒಂದೊಂದು ಕಡೆ ತೋರಿಸ್ತಾರೆ." ದಡಕ್ಕೆ ಇಳಿದ ಮೇಲೆ ಒಬ್ಬ ರೋಗಿಯನ್ನೂ ಮುಟ್ಟಲಿಲ್ಲ. ಮೂಳೆ ಹಿಡಿದರು. ಮೂಳೆಯಾದರೆ ನೋವು ಇದ್ದ ಕಡೆಯೇ ಗುರುತು ಇಟ್ಟಿರುತ್ತೆ.

ಈ ಜೌಗಿನಲ್ಲಿ ಯಾರೋ ಕುರಿ ಮೇಯಿಸೋಕೆ ಅಂತ ನೀರು ಬಸಿಯುವ ಕಾಲುವೆ ತೋಡಿದರು ನೋಡಿ, ಗುದ್ದಲಿಗೆ ಸಿಕ್ಕಿದ್ದು ಇವೇ. ಮೋವಾ, ಯಾವತ್ತೋ ಅಳಿದುಹೋದ ಹಕ್ಕಿ. ರೆಕ್ಕೆಯ ಗುರುತೇ ಇಲ್ಲ, ಬಾಗಿಲಿಗಿಂತ ಎತ್ತರ, ಕಾಲು ಎತ್ತಿನ ಕಾಲಿನಷ್ಟು ದಪ್ಪ. ನೂರಾರು ಹಕ್ಕಿಗಳು ಒಂದರ ಮೇಲೊಂದು ಹೂತುಹೋಗಿವೆ. ಹೊಳೆಯ ಆಚೆ ದಡದ ರಿಪೆಕಾ, ಇಲ್ಲಿ ಮೊದಲಿನಿಂದ ಇರೋ ಮಾವೋರಿ ಜನದ ಹೆಂಗಸು, ನನಗೆ ಹಾವುಮೀನು ತಂದುಕೊಡೋಳು, ಅವಳು ಬಾಗಿಲಲ್ಲಿ ನಿಂತು ನೋಡಿದಳು. "ಏನಮ್ಮಾ, ನಿಮ್ಮ ಡಾಕ್ಟರು ನಮ್ಮ ಮುತ್ತಜ್ಜಿಯ ಎಂಜಲೆಲೆ ಆರಿಸ್ತಿದಾರಾ?" ಅಂದಳು. ಡಾಕ್ಟರಿಗೆ ಎಷ್ಟು ಸಂತೋಷ! ಎಂಜಲಿನ ಗುಂಡಿ ಎಲ್ಲಿದೆ ತೋರಿಸು ಅಂತ ಅವಳ ಹಿಂದೆಯೇ ಹೋಗಿಬಿಟ್ಟರು, ಟೋಪಿ ಕೂಡ ಹಾಕಿಕೊಳ್ಳದೆ.

ನನಗೇನು ಗೊತ್ತು ಅಂತೀರಾ? ಕಣ್ಣು ಮಂಜಾಯಿತು ಅವರಿಗೆ, ಬಂದ ಮೂರನೇ ವರ್ಷಕ್ಕೇ. ನಾನು ಅಳೆದು ಹೇಳಬೇಕು, ಅವರು ಬರೆಸಬೇಕು. ಚಿತ್ರ ನಾನೇ ಬರೆಯಬೇಕು. ತಪ್ಪು ಬರೆದರೆ ಬೆರಳಿನಿಂದ ಮೂಳೆ ತಡವಿ, "ಇಲ್ಲೊಂದು ಹಳ್ಳ ಇದೆ, ನೀವು ಅದರ ಮೇಲೆ ಹಾಗೇ ನಡೆದು ಹೋಗಿದ್ದೀರಿ" ಅನ್ನೋರು. ಲ್ಯಾಟಿನ್ನು ಹಿಟ್ಟು ನಾದುತ್ತಾ ಕಲಿತೆ. ಅದರಲ್ಲೇನು, ಬೇರೆಯವರ ಮನೆಯ ಬೀರು ಇದ್ದ ಹಾಗೆ, ಯಾವುದು ಎಲ್ಲಿಡಬೇಕು ಅಂತ ತಿಳಿದರೆ ಮುಗೀತು.

ಹೆಸರಿಡೋದರಲ್ಲಿ ಮಾತ್ರ ಅವರನ್ನ ಮೀರಿಸೋರಿಲ್ಲ. ಈ ಮೂಳೆಗಳೆಲ್ಲ ಸೈತಾನ ನಮ್ಮನ್ನ ಪರೀಕ್ಷೆ ಮಾಡೋಕೆ ಹೂತಿಟ್ಟಿದ್ದು ಅಂತ ನಮ್ಮ ಪಾದ್ರಿಗಳು ಉಪದೇಶ ಮಾಡಿದರು. ಮಾರನೇ ತಿಂಗಳು ಡಾಕ್ಟರು ಒಂದು ನೀರುಕೋಳಿಗೆ ಆ ಪಾದ್ರಿಗಳ ಹೆಸರಿಟ್ಟರು. ಕೊಬ್ಬಿದ್ದು, ಹಾರೋಕೆ ಬಾರದ್ದು. ಪಾದ್ರಿಗಳು ಆ ಪುಟಕ್ಕೆ ಚೌಕಟ್ಟು ಹಾಕಿಸಿ ಗೋಡೆಗೆ ನೇತುಹಾಕಿಕೊಂಡಿದ್ದಾರೆ. ಅಂಚೆಯ ಗಿಲ್ಫಿಲನ್ ಹೆಸರು ಬಸವನಹುಳುವಿಗೆ ಹೋಯಿತು. ರಿಪೆಕಾಗೆ ಒಂದು ಹಾವುಮೀನು. ಅದನ್ನ ಓದಿ ಹೇಳಿದಾಗ ಅವಳು, "ತಿಂದ ಮೇಲೆ ಹೆಸರಿಟ್ಟರಾ, ಮೊದಲೇ ಇಟ್ಟರಾ?" ಅಂದಳು.

ಇನ್ನೊಂದು ರೊಟ್ಟಿ? ಬೇಡ. ಹೂಂ.

ನೋಡಿ ಮಿಸ್ಟರ್ ಕ್ರೇಲ್, ಒಂದು ಮಾತು ಬಿಚ್ಚಿ ಹೇಳ್ತೀನಿ. ಈ ಲೇಖನ ಅಚ್ಚಾಗಬೇಕು. ಹಿಂದಿನವು ಏನಾದರೂ ಆಗಲಿ, ಇದು ಆಗಲೇಬೇಕು. ಇಷ್ಟು ಸಣ್ಣ ಮೋವಾ ಇದುವರೆಗೆ ಯಾರಿಗೂ ಸಿಕ್ಕಿಲ್ಲ. ಮರಿ ಇರಬೇಕು ಅಂತೀರಿ, ಎಲ್ಲರೂ ಹಾಗೇ ಅಂತಾರೆ. ಮರಿಯಲ್ಲ! ಮೂಳೆಯ ತುದಿ ಪೂರ್ತಿ ಬೆಸೆದುಕೊಂಡಿದೆ, ಚಿತ್ರ ನೋಡಿ. ಬೆಳೆದು ದೊಡ್ಡದಾದ ಹಕ್ಕಿಯೇ. ಅಷ್ಟೇ ಅದರ ಎತ್ತರ, ಬೆಳೆದಿದ್ದೇ ಅಷ್ಟು. ಎರಡು ಚಳಿಗಾಲ ತೋಡಿ ಎತ್ತಿದ್ದು, ಮೊಣಕಾಲುದ್ದ ನೀರಿನಲ್ಲಿ ನಿಂತು... ಡಾಕ್ಟರು. ಡಾಕ್ಟರು ನಿಂತು.

ಏನದು? ಹಾಳೆ ಯಾಕೆ ತಿರುಗಿಸ್ತಿದ್ದೀರಿ? ಅಲ್ಲಿ ತಪ್ಪಿದೆಯಾ? ಎಲ್ಲಿ, ಕೊಡಿ. ಈ ಸಾಲಾ?

"ಈ ಹೊಸ ಜಾತಿಗೆ ಲೋರಿಮೆರಿ ಎಂದು ಹೆಸರಿಡುತ್ತೇನೆ." ಸರಿಯಾಗೇ ಇದೆಯಲ್ಲ. ಲೋರಿಮರರದು ಅಂತ ಅರ್ಥ. ಚೆನ್ನಾಗಿಲ್ಲವಾ? ಬಾಯಲ್ಲಿ ಆಡಿ ನೋಡಿ, ಲೋರಿಮೆರಿ... ಬೆರಳು ಯಾಕೆ ತೆಗೀತಿಲ್ಲ ನೀವು?

ಲೋರಿಮೆರಿ. ಬರೆದವರು, ಲೋರಿಮರ್.

ಓ.

ಟೀ ಆರಿಹೋಯಿತು. ಬಿಸಿ ಮಾಡಿ ತರ್ತೀನಿ... ಬೇಡವಾ. ಸರಿ.

ಗೊತ್ತು, ಗೊತ್ತು ನನಗೆ! ತಾನು ಕಂಡುಹಿಡಿದ ಜಾತಿಗೆ ಯಾರೂ ತನ್ನ ಹೆಸರನ್ನ ತಾನೇ ಇಡಲ್ಲ. ಬೇರೆಯವರು ಇಡಬೇಕು, ನಾವು ಸುಮ್ಮನೆ ನಾಚಿಕೊಳ್ಳಬೇಕು. ಔತಣದಲ್ಲಿ ಎದ್ದು ನಿಂತು, ನನ್ನಂಥವರು ಯಾರಿದ್ದಾರೆ ಅಂತ ತನಗಾಗಿ ತಾನೇ ಲೋಟ ಎತ್ತಿದ ಹಾಗಾಗುತ್ತೆ. ನಿಮ್ಮ ವೃತ್ತಿಯಲ್ಲಿ ನಿನ್ನೆ ಸೇರಿದವನಿಗೂ ಗೊತ್ತಿರೋ ಮಾತು ಇದು. ಲಂಡನ್ನಿನಲ್ಲಿ... ಎಲ್ಲರೂ ಓದಿದರಾ? ನಕ್ಕರಾ?

ನಕ್ಕರು.

ಹಾಗಾದರೆ ಕೇಳಿ. ವಯಸ್ಸಾಯಿತು ಸ್ವಾಮಿ ಅವರಿಗೆ. ಅರುವತ್ತೆಂಟು. ಇಪ್ಪತ್ತು ವರ್ಷ ಈ ಕೆಸರಿನಲ್ಲಿ ಕೂತಿದ್ದಾರೆ, ಯಾರೂ ಬಂದು ಒಂದು ಮಾತು ಹೊಗಳಿದ್ದಿಲ್ಲ. ಕೊನೆಗಾಲಕ್ಕೆ ಸ್ವಲ್ಪ ಜಂಬ ಬಂತು ಅಂದುಕೊಳ್ಳಿ. ನಾನೂ ಹೇಳಿದೆ, ಬೇಡ ಡಾಕ್ಟರೇ, ಜನ ಏನಂತಾರೆ ಅಂತ. ಕೇಳಲಿಲ್ಲ. ಹಟ. ನನ್ನ ಹೆಸರೇ ಇರಲಿ ಅಂತ ಮೇಜು ಗುದ್ದಿ...

ಇಲ್ಲ. ಇಲ್ಲ ಇಲ್ಲ, ಅದನ್ನ ಬರೆದುಕೊಳ್ಳಬೇಡಿ. ಲೇಖನಿ ಕೆಳಗಿಡಿ ಸ್ವಾಮಿ, ದಮ್ಮಯ್ಯ. ಮೇಜು ಗುದ್ದುವ ಮನುಷ್ಯನಲ್ಲ ಅವರು. ಮೇಜಿನ ಮೇಲೆ ಯಾವಾಗಲೂ ಮೂಳೆ ಇರುತ್ತಲ್ಲ, ಹೇಗೆ ಗುದ್ದುತ್ತಾರೆ? ಬೂಟಿಗೆ ಹೊಸ ಲಾಡಿ ತಂದುಕೊಟ್ಟರೆ ಇದು ನನಗೆ ಬಹಳ ಹೆಚ್ಚಾಯಿತು ಅನ್ನೋರು. ಜಂಬವಂತೆ! ಏನೇ ಆಗಲಿ, ಅವರ ಮೇಲೆ ಅದೊಂದನ್ನ ಹೊರಿಸಲಾರೆ.

ಏನಾದರೂ ಮಾತಾಡಿ. ಆಗಿನಿಂದ ನಾನೊಬ್ಬಳೇ ಮಾತಾಡ್ತಿದೀನಿ. ಡಾಕ್ಟರು ಎಷ್ಟು ಹೊತ್ತಿಗೆ ಬರ್ತಾರೆ ಅಂತಾದರೂ ಕೇಳಿ, ಅಷ್ಟು ದೂರದಿಂದ ಅವರನ್ನ ನೋಡೋಕೆ ಅಂತಲೇ...

ಕೇಳಲೇ ಇಲ್ಲ ನೀವು. ಒಂದು ಸಲವೂ ಕೇಳಿಲ್ಲ.

ಯಾರು ಹೇಳಿದರು? ಗಿಲ್ಫಿಲನ್ನಾ? ಅವನು ಹೇಳಲ್ಲ. ಡಾಕ್ಟರ ಹೆಸರಿಗೆ ಕಾಗದ ಬಂದರೆ, "ಡಾಕ್ಟರಿಗೆ ಕೊಡಿ ಮಿಸೆಸ್ ಬಕನ್" ಅಂತ ನನ್ನ ಮುಖ ನೋಡಿಕೊಂಡೇ ಕೊಡ್ತಾನೆ, ರೆಪ್ಪೆ ಅಲುಗಿಸಲ್ಲ. ಪಾದ್ರಿಗಳೂ ಹೇಳಲ್ಲ, ಮಣ್ಣು ಮಾಡಿದವರೇ ಅವರು... ಓ. ಯಾರೂ ಹೇಳಲಿಲ್ಲ. ಈ ಒಂದು ಸಾಲೇ ಹೇಳಿತು ಅಲ್ಲವಾ? ಇದನ್ನ ಓದಿದ ಕೂಡಲೇ, ಇದು ಲೋರಿಮರ್ ಬರೆದಿದ್ದಲ್ಲ ಅಂತ ನಿಮಗೆ ಗೊತ್ತಾಗಿಬಿಟ್ಟಿತು. ಅಷ್ಟು ಚೆನ್ನಾಗಿ ಓದಿದ್ದೀರಿ ಅವರನ್ನ. ಅದಕ್ಕೆ ಸಂತೋಷ.

ನಾಲ್ಕು ವರ್ಷವಾಯಿತು ಅವರು ಹೋಗಿ. ಆಗಸ್ಟ್ ತಿಂಗಳು, ಹೊಳೆ ತುಂಬಿತ್ತು, ಆಚೆ ದಡದಲ್ಲೊಂದು ತಲೆಬುರುಡೆ ಕಂಡಿದೆ ಅಂತ ರಿಪೆಕಾಳ ಅಣ್ಣ ಹೇಳಿ ಕಳಿಸಿದ್ದ. ನೀರು ಇಳಿಯಲಿ ಅಂದೆ. ಮೊಣಕಾಲವರೆಗೆ ಅಷ್ಟೇ ಅಂದರು. ಆ ಕಣ್ಣಿಗೆ ಏನು ಕಾಣುತ್ತೆ, ಯಾವುದು ಮೊಣಕಾಲು, ಯಾವುದು ಕುತ್ತಿಗೆ! ಮಾರನೇ ವಾರ ಜಿಲ್ಲೆಯ ಪತ್ರಿಕೆಯವರು ಹಾಕಿದರು, ಹೊಳೆ ದಾಟುವಾಗ ವಯಸ್ಸಾದ ಕುರಿ ಕಾಯುವವನೊಬ್ಬ ಮುಳುಗಿ ಸತ್ತ ಅಂತ. ಹೆಸರೂ ಇಲ್ಲ. ತಿದ್ದಿಸಬೇಕು ಅಂತ ಕಾಗದ ಬರೆಯೋಕೆ ಕೂತೆ. ಅದೇ ಹೊತ್ತಿಗೆ ಲಂಡನ್ನಿನ ಅಂಚೆ ಬಂತು. "ತಮ್ಮ ಲೇಖನದ ಎರಡನೇ ಭಾಗವನ್ನು ಆತುರದಿಂದ ಎದುರು ನೋಡುತ್ತಿದ್ದೇವೆ."

ಮುಕ್ಕಾಲು ಬರೆದಾಗಿತ್ತು ಸ್ವಾಮಿ. ಕಾಲು ಭಾಗ ಉಳಿದಿತ್ತು. ಅದನ್ನ ಹಾಗೇ ಬಿಡೋದಾ? ಮುಗಿಸಿ ಕಳಿಸಿದೆ. ಬಹಳ ಚೆನ್ನಾಗಿದೆ, ಮೂರನೇ ಭಾಗ ಯಾವಾಗ ಅಂದರು. ಏನಂತ ಬರೆಯಲಿ? ಸತ್ತಿದ್ದಾರೆ, ಆದರೆ ಮುಂದಿನ ಹಡಗಿಗೆ ಕಳಿಸ್ತಾರೆ ಅಂತಲಾ?

ಈ ಸಣ್ಣ ಹಕ್ಕಿ ಅವರಿಗೆ ಗೊತ್ತೇ ಇಲ್ಲ. ಇದನ್ನ ತೋಡಿದ್ದು ನಾನು. ತೊಳೆದಿದ್ದು, ಅಳೆದಿದ್ದು, ಎಲ್ಲ. ಮೊದಲಿನ ಮೂರು ಲೇಖನ ಬರೆಯುವಾಗ ಒಂದೊಂದು ಸಾಲಿಗೂ ಕೇಳಿಕೊಳ್ತಿದ್ದೆ, ಅವರಾಗಿದ್ದರೆ ಹೇಗೆ ಬರೀತಿದ್ದರು ಅಂತ. ಇದಕ್ಕೆ ಕೇಳಿಕೊಳ್ಳಲಿಲ್ಲ. ಬರೀತಾ ಹೋದೆ. ಹೆಸರಿಡುವ ಜಾಗ ಬಂತು, ಯಾರ ಹೆಸರು ಅಂತ ಯೋಚನೆ ಮಾಡುವ ಪ್ರಶ್ನೆಯೇ ಬರಲಿಲ್ಲ. ಕೆಳಗೆ ಅವರ ಸಹಿ ಹಾಕಿದೆ, ಲಕೋಟೆ ಅಂಟಿಸಿದೆ. ಎರಡನ್ನೂ ಒಟ್ಟಿಗೆ ನೋಡಲೇ ಇಲ್ಲ, ನೋಡಿ ಎಂಥ ಪೆದ್ದಿ! ಬರೆಯುವಾಗ ನಾನು ನಾನೇ ಆಗಿಬಿಟ್ಟಿದ್ದೆ.

ಹೊಡೆದುಹಾಕಿ. ಪಾಪ, ನಿಮ್ಮ ತಪ್ಪೇನಿದೆ. ಲೇಖನಿ ತಗೊಳ್ಳಿ. ಹಿಂದಿನ ಮೂರರ ವಿಷಯ ಸಂಘದವರು ಕೇಳಿದರೆ ನಾನೇ ಬರೆದು ಒಪ್ಪಿಕೊಳ್ತೀನಿ, ಯಾವ ಸಾಲಿನವರೆಗೆ ಅವರದು, ಎಲ್ಲಿಂದ ನನ್ನದು ಅಂತ. ಆದರೆ ಹಕ್ಕಿಗೆ ಏನಾದರೂ ಒಂದು ಹೆಸರು ಉಳಿಸಿ. ಸಣ್ಣದು ಅಂತಲಾದರೂ ಹಾಕಿ.

ಅಲ್ಲ... ಅದು ಮೇಲಿನ ಸಾಲು. ಅದನ್ನ ಯಾಕೆ ಹೊಡೆದಿರಿ? ಹೊಡೆಯಬೇಕಾಗಿದ್ದು ಕೆಳಗಿದೆ, ಹಕ್ಕಿಯ ಹೆಸರು. ನೀವು ಹೊಡೆದಿದ್ದು ಬರೆದವರ ಹೆಸರನ್ನ. ತಪ್ಪಾಯಿತಲ್ಲ ಸ್ವಾಮಿ! ಈಗ ಆ ಜಾಗ ಖಾಲಿ... ಬರೆದವರು ಯಾರು ಅಂತ ಯಾರಿಗೆ ಗೊತ್ತಾಗಬೇಕು?

ನನಗೆ ಯಾಕೆ ಕೊಡ್ತೀರಿ ಲೇಖನಿ?

ಬರೆದವರು ಬೇರೆಯಾದರೆ... ಹಕ್ಕಿಗೆ ಅವರ ಹೆಸರು ಇರಬಹುದು. ಹೂಂ. ಇರಬಹುದು. ಯಾರೂ ನಗಲ್ಲ. ಆದರೆ ನಾನು ಈ ಮನೆ ಗುಡಿಸೋಳು, ಮಿಸ್ಟರ್ ಕ್ರೇಲ್. ನಿಮ್ಮ ಸಂಘದಲ್ಲಿ ಹೆಂಗಸರು ಇದ್ದಾರಾ?... ಇಲ್ಲ. ಹಾಗಾದರೆ?

ಲೇಖನಿ ನನ್ನ ಕಡೆಗೆ ಹಿಡಿದುಕೊಂಡೇ ಇದ್ದೀರಿ.

ಮಿಸೆಸ್ ಅಂತ ಹಾಕಲಾ, ಬೇಡವಾ? ಗ್ರಿಜೆಲ್ ಬಕನ್. ಗ್ರಿಜೆಲ್ ಅಂತ ನನ್ನನ್ನ ಕರೆದು ಎಷ್ಟು ವರ್ಷವಾಯಿತೋ. ಅವರ ಸಹಿ ನಾಲ್ಕು ವರ್ಷ ಹಾಕಿದೀನಿ, ಒಂದು ಸಲವೂ ಕೈ ಅಳುಕಲಿಲ್ಲ, ದೇವರಾಣೆ.

ಆ ತುದಿ ಸ್ವಲ್ಪ ಒತ್ತಿ ಹಿಡಿದುಕೊಳ್ಳಿ. ಕಾಗದ ಅಲುಗುತ್ತಿದೆ.